ಅಕ್ಕಿ ಡಬ್ಬದೊಳಗಿನ ಬೆಲ್ಲ

ಸಕ್ಕರೆ ಕಾಯಿಲೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳ ಒಂದು ಕಟ್ಟೇ ಬಂದಿದೆ. ಜಗಲಿಯಲ್ಲಿ ಕುಳಿತು ಒಂದೊಂದಾಗಿ ಬಿಡಿಸಿದಾಗ ಒಂದು ತಮಾಷೆ ಕಂಡಿತು: ಬರೆದವರಲ್ಲಿ ಹೆಚ್ಚಿನವರಿಗೆ ಕಾಯಿಲೆಯೇ ಇಲ್ಲ. ಸೊಸೆ ಅತ್ತೆಯ ಮೇಲೆ, ಗಂಡ ಹೆಂಡತಿಯ ಮೇಲೆ, ಮಗ ಅಪ್ಪನ ಮೇಲೆ ದೂರು ಬರೆದಿದ್ದಾರೆ. ನನಗೆ ಇದು ಹೊಸತಲ್ಲ. ಮಂಗಳೂರಿನಲ್ಲಿ 26 ವರ್ಷ ದಾದಿಯಾಗಿದ್ದೆ. ಕೊನೆಯ 14 ವರ್ಷ ಸಕ್ಕರೆ ಕಾಯಿಲೆಯವರಿಗೆ ಪಾಠ ಹೇಳುವುದೇ ಕೆಲಸ. ತಲಪಾಡಿ ದಾಟಿ ಬರುವ ಕಾಸರಗೋಡಿನ ಕನ್ನಡದವರನ್ನೆಲ್ಲ ‘ನಿಮ್ಮ ಊರಿನವರು’ ಎಂದು ನನ್ನ ಮೇಜಿಗೇ ಕಳುಹಿಸುತ್ತಿದ್ದರು. ಕಾಯಿಲೆಯವರು ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತುಕೊಳ್ಳುತ್ತಿದ್ದರು. ಮಾತೆಲ್ಲ ಹಿಂದೆ ನಿಂತವರದ್ದು. “ಇವರು ಹೇಳಿದ್ದು ಕೇಳುವುದೇ ಇಲ್ಲ ಸಿಸ್ಟರ್” ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಈ ಸಲದ ಉತ್ತರಗಳೂ ಹಿಂದೆ ನಿಂತವರಿಗೇ.

ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ಮೊದಲು ಪತ್ರ, ಅದರ ಕೆಳಗೆ ನನ್ನ ಉತ್ತರ.

ನನ್ನ ಅತ್ತೆಗೆ 68 ವರ್ಷ. ಹತ್ತು ವರ್ಷಗಳಿಂದ ಶುಗರ್ ಇದೆ. ಬೆಳಿಗ್ಗೆ, ರಾತ್ರಿ ಮಾತ್ರೆ. ಎಷ್ಟು ಹೇಳಿದರೂ ಕದ್ದು ಸಿಹಿ ತಿನ್ನುತ್ತಾರೆ. ಕಳೆದ ವಾರ ಅವರ ದಿಂಬಿನ ಅಡಿಯಲ್ಲಿ ಬೆಲ್ಲದ ತುಂಡು ಸಿಕ್ಕಿತು. ನನ್ನ ಗಂಡ ಮಕ್ಕಳೆದುರೇ ರೇಗಿದರು. ಅತ್ತೆ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಮೂರು ತಿಂಗಳ ಸರಾಸರಿಯ ಪರೀಕ್ಷೆಯಲ್ಲಿ (ಎಚ್‌ಬಿಎ1ಸಿ) ಶೇಕಡಾ 8.9 ಬಂದಿದೆ, ಹೆಚ್ಚು ಎಂದರು. ಅವರನ್ನು ತಡೆಯುವುದು ಹೇಗೆ? — ಒಬ್ಬ ಸೊಸೆ, ಪೆರ್ಲ

ತಡೆಯುವ ಮಾತು ಆಮೇಲೆ. ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಬೆಲ್ಲ ತಿನ್ನುವುದು ಯಾವ ಹೊತ್ತಿಗೆ?

ಯಾಕೆ ಕೇಳುತ್ತೇನೆಂದರೆ, ಇದೇ ಕಳ್ಳತನವನ್ನು ನಾನು ನನ್ನ ಮನೆಯಲ್ಲೇ ಹಿಡಿದವಳು. ನನ್ನ ಅಮ್ಮನಿಗೆ ಆಗ 71. ಊರಿಗೆಲ್ಲ ಪಾಠ ಹೇಳುವ ಮಗಳು ಮನೆಯಲ್ಲಿ ಸುಮ್ಮನಿರುತ್ತಾಳೆಯೇ? ಬೆಳಗಿನ ಐದು ನೀರುದೋಸೆಯನ್ನು ಎರಡಕ್ಕೆ ಇಳಿಸಿದೆ. ಕಾಫಿಯ ಸಕ್ಕರೆ ನಿಲ್ಲಿಸಿದೆ. ಒಂದು ದಿನ ಅಕ್ಕಿ ಡಬ್ಬಕ್ಕೆ ಕೈ ಹಾಕಿದರೆ ಅಕ್ಕಿಯ ಒಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಲ್ಲ. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಗಂಡ ಆಡಿದ್ದಕ್ಕಿಂತ ಕಡಿಮೆಯದ್ದಲ್ಲ.

ತಿಂಗಳ ನಂತರ ಒಂದು ರಜೆಯ ದಿನ ಮನೆಯಲ್ಲಿದ್ದೆ. ಡಿಸೆಂಬರ್, ಹನ್ನೊಂದು ಗಂಟೆ ಹೊತ್ತು. ಅಮ್ಮ ಚಾವಡಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು. ಅವಳು ಅಡಿಕೆ ಸುಲಿಯುವುದಕ್ಕೊಂದು ತಾಳವಿತ್ತು, ಒಳಗಿದ್ದವರಿಗೂ ಕೇಳುತ್ತಿತ್ತು. ಆ ತಾಳ ತಪ್ಪಿತು. ಹೋಗಿ ನೋಡಿದರೆ ಕೈಯಲ್ಲಿದ್ದ ಅಡಿಕೆ ನಡುಗುತ್ತಿದೆ. ಅಷ್ಟು ತಂಪಿನಲ್ಲಿಯೂ ಮೇಲ್ತುಟಿಯ ಮೇಲೆ ಬೆವರಿನ ಹನಿಸಾಲು. “ಏನಿಲ್ಲ, ಈ ಹೊತ್ತಿಗೆ ಹೀಗೆಯೇ ಆಗುತ್ತದೆ, ಒಂಚೂರು ಬೆಲ್ಲ ಬಾಯಿಗೆ ಹಾಕಿಕೊಂಡರೆ ಸರಿಹೋಗುತ್ತದೆ” ಎಂದಳು. ಬೆರಳು ಚುಚ್ಚಿ ನೋಡಿದೆ: ಸಕ್ಕರೆ 58, ಇರಬೇಕಾದದ್ದಕ್ಕಿಂತ ಕೆಳಗೆ.

ಅಷ್ಟು ದಿನ ನಾನು ಕಳ್ಳತನ ಎಂದದ್ದು ಅವಳು ತಾನೇ ಕಂಡುಕೊಂಡ ಚಿಕಿತ್ಸೆಯಾಗಿತ್ತು. ಏಳು ಗಂಟೆಗೆ ಅವಳು ನುಂಗುತ್ತಿದ್ದ ಮಾತ್ರೆ ಗ್ಲಿಮೆಪಿರೈಡ್. ಅದು ಮೇದೋಜೀರಕ ಗ್ರಂಥಿಯನ್ನು ತಿವಿದು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುವ ಜಾತಿಯದ್ದು. ನೀವು ಐದು ದೋಸೆ ತಿಂದಿರೋ ಎರಡು ತಿಂದಿರೋ ಎಂದು ಅದು ವಿಚಾರಿಸುವುದಿಲ್ಲ, ತನ್ನ ಕೆಲಸ ತಾನು ಮಾಡುತ್ತದೆ. ನಾನು ದೋಸೆ ಕಡಿಮೆ ಮಾಡಿದೆ, ಮಾತ್ರೆಯ ಬಗ್ಗೆ ವೈದ್ಯರಿಗೆ ಹೇಳಲಿಲ್ಲ. ತಪ್ಪು ಯಾರದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ವೈದ್ಯರು ಮಾತ್ರೆಯನ್ನು ಅರ್ಧ ಮಾಡಿದರು. ಅಕ್ಕಿ ಡಬ್ಬದಲ್ಲಿ ಆಮೇಲೆ ಅಕ್ಕಿ ಮಾತ್ರ ಇತ್ತು.

ನಿಮ್ಮ ಅತ್ತೆಯದ್ದೂ ಇದೇ ಎಂದು ನಾನು ಪೆರ್ಲದಷ್ಟು ದೂರದಿಂದ ಹೇಳಲಾರೆ. ನಾಲಗೆಯ ಆಸೆಯೂ ಇದ್ದೀತು. ಆದರೆ ಒಂದು ವಾರ ಗಮನಿಸಿ. ಬೆಲ್ಲದ ಹೊತ್ತಿಗೆ ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಕಾರಣವಿಲ್ಲದ ಸಿಟ್ಟು ಇದೆಯೇ? ಇದ್ದರೆ ಆಗಲೇ ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕೆಳಗಿದ್ದರೆ ಅದು ಸಕ್ಕರೆ ಕುಸಿತ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಲಾಡು, ಚಾಕೊಲೇಟ್ ಆಗದು, ಅದರ ಜಿಡ್ಡು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಆಸ್ಪತ್ರೆಗೆ ಓಡಿ. ಸರಾಸರಿ 8.9 ಇರುವವರಿಗೆ ಕುಸಿತ ಎಲ್ಲಿಂದ ಎಂದು ಕೇಳಬೇಡಿ. ಸರಾಸರಿ ಎಂದರೆ ಸರಾಸರಿ. ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಆ ಕಣ ಬದುಕುವುದು ಸುಮಾರು 120 ದಿನ, ಆ ದಿನಗಳ ಏರು ಇಳಿವನ್ನೆಲ್ಲ ಕಲಸಿ ಬಂದ ಒಂದೇ ಸಂಖ್ಯೆ ಅದು. ರಾತ್ರಿ 300, ಹಗಲು 60 ಆಗುವವರಿಗೂ ಸರಾಸರಿ ಎಂಬುದೊಂದು ಬರುತ್ತದೆ.

ಬೆರಳು ಚುಚ್ಚಿದಾಗ ಎಲ್ಲ ಸರಿಯಿದ್ದು, ಅದು ಬರೀ ಆಸೆಯೇ ಎಂದಾದರೆ ಬಚ್ಚಿಡಬೇಕಾದ ಅಗತ್ಯವನ್ನು ಮೊದಲು ತೆಗೆಯಿರಿ. ಮಧೂರು ದೇವಸ್ಥಾನದ ಪ್ರಸಾದದ ಸಿಹಿ ಅಪ್ಪ ಮನೆಗೆ ಬಂದರೆ ಅವರ ಪಾಲಿಗೊಂದು ಅಪ್ಪ ಎಂದು ಎಲ್ಲರೆದುರು ತಟ್ಟೆಗೆ ಹಾಕಿ, ಆ ಹೊತ್ತಿನ ಅನ್ನದಲ್ಲಿ ಒಂದು ಸೌಟು ಕಡಿಮೆ ಮಾಡಿ. ಎದುರಿಗೇ ಸಿಕ್ಕುವುದನ್ನು ಯಾರೂ ದಿಂಬಿನಡಿಗೆ ಒಯ್ಯುವುದಿಲ್ಲ. ಬೆರಳು ಚುಚ್ಚುವ ಯಂತ್ರವನ್ನು ಊಟದ ಮೇಜಿನಿಂದ ತೆಗೆದು ಅವರ ಕೋಣೆಯಲ್ಲಿಡಿ. ಸಂಖ್ಯೆ ಅವರದ್ದು, ಮೊದಲು ಅವರೇ ನೋಡಲಿ. ನಿಮ್ಮ ಗಂಡನಿಗೆ ಒಂದು ಕೆಲಸ ಕೊಡುತ್ತೇನೆ: ಮುಂದಿನ ಸಲ ತಾಯಿಯ ಜೊತೆ ವೈದ್ಯರಲ್ಲಿಗೆ ಹೋಗಲಿ, ಅವರೇ ಮಾತಾಡಲು ಬಿಟ್ಟು ತಾನು ಬರೆದುಕೊಳ್ಳಲಿ. ರೇಗುವುದಿದ್ದರೆ ಹಿಂದೆ ಬರುವಾಗ ಬಸ್ಸಿನ ಮೇಲೆ ರೇಗಲಿ.

ನನ್ನ ಹೆಂಡತಿಗೆ 52. ಶುಗರ್ ಬಂದು ನಾಲ್ಕು ವರ್ಷ. ನಡೆಯಲು ಹೋಗು ಎಂದರೆ ಹೋಗುವುದಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನುವುದಿಲ್ಲ. ತಪಾಸಣೆಗೆ ನಾಳೆ ನಾಳೆ ಎನ್ನುತ್ತಾಳೆ. ತನ್ನ ಆರೋಗ್ಯದ ಮೇಲೆ ಅವಳಿಗೆ ಆಸಕ್ತಿಯೇ ಇಲ್ಲ. ನೀವು ನಾಲ್ಕು ಮಾತು ಬರೆದರೆ ಓದಿ ಹೇಳುತ್ತೇನೆ. — ಒಬ್ಬ ಓದುಗ, ಮಂಜೇಶ್ವರ

ನಾಲ್ಕು ಮಾತು ಬರೆಯುತ್ತೇನೆ. ಓದಿ ಹೇಳುವುದು ಬೇಡ, ನೀವೇ ಓದಿಕೊಂಡರೆ ಸಾಕು.

ನಿಮ್ಮ ಪತ್ರ ಎರಡು ಪುಟ ಇತ್ತು. ಅದರಲ್ಲಿ ಅವರು ನುಂಗುವ ಮಾತ್ರೆಯ ಹೆಸರಿಲ್ಲ. ಎಷ್ಟು ಗಂಟೆಗೆ ಊಟ ಮಾಡುತ್ತಾರೆ ಎಂದಿಲ್ಲ. ಮನೆಯಲ್ಲಿ ಅಡುಗೆ ಯಾರದ್ದು ಎಂದೂ ಇಲ್ಲ. ಮೂರನೆಯದನ್ನು ನಾನು ಊಹಿಸಬಲ್ಲೆ.

ನನ್ನ ಮೇಜಿನ ಎದುರು ಕಂಡದ್ದನ್ನು ಹೇಳುತ್ತೇನೆ. ಗಂಡಸಿಗೆ ಶುಗರ್ ಬಂದರೆ ಹೆಂಡತಿ ಜೊತೆಗೆ ಬರುತ್ತಾಳೆ, ಪಥ್ಯದ ಹಾಳೆ ಕೇಳಿ ಪಡೆಯುತ್ತಾಳೆ, ಒಂದು ವಾರದಲ್ಲಿ ಮನೆಯ ಅಡುಗೆಯೇ ಬದಲಾಗಿರುತ್ತದೆ. ಹೆಂಗಸಿಗೆ ಬಂದರೆ ಅವಳು ಒಬ್ಬಳೇ ಬರುತ್ತಾಳೆ, ಹಾಳೆಯನ್ನು ಮಡಚಿ ಚೀಲಕ್ಕೆ ಹಾಕುತ್ತಾಳೆ, ಅಡುಗೆ ಇದ್ದ ಹಾಗೇ ಇರುತ್ತದೆ. ಎಲ್ಲರಿಗೂ ಬಡಿಸಿ ತಾನು ಕೂರುವಾಗ ಎರಡೂವರೆ. ಪಲ್ಯ ತಳ ಕಂಡಿರುತ್ತದೆ. ಉಳಿದದ್ದು ಅನ್ನ, ಸಾರು, ಉಪ್ಪಿನಕಾಯಿ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು ಹಾಳಾಗಬಾರದೆಂದು ಅದೂ ಅವಳ ಹೊಟ್ಟೆಗೆ. ಎಂಟು ಗಂಟೆಗೆ ನುಂಗಿದ ಮಾತ್ರೆಗೂ ಈ ಊಟಕ್ಕೂ ಏನು ಹೊಂದಾಣಿಕೆ? ಇದಕ್ಕೆ ‘ಆಸಕ್ತಿ ಇಲ್ಲ’ ಎಂಬ ಹೆಸರು ಹೇಗೆ ಹೊಂದುತ್ತದೆ ಎಂದು ನನಗೆ ಗೊತ್ತಾಗುವುದಿಲ್ಲ.

ಒಂದು ತಿಂಗಳು ಹೀಗೆ ಮಾಡಿ ನೋಡಿ. ಮಧ್ಯಾಹ್ನ ಒಂದು ಗಂಟೆಗೆ ಅವರು ಮೊದಲು ಕೂರಲಿ, ಬಡಿಸುವವರು ನೀವು. ತಟ್ಟೆಯ ಅರ್ಧಕ್ಕೆ ತರಕಾರಿ: ತೊಂಡೆಕಾಯಿ ಪಲ್ಯವೋ ಹರಿವೆ ತಾಳೊ ಬಸಳೆಯೋ, ತೋಟದಲ್ಲಿ ಏನಿದೆಯೋ ಅದು. ಕಾಲು ಭಾಗಕ್ಕೆ ಕಾಳು, ಮೀನು ತಿನ್ನುವ ಮನೆಯಾದರೆ ಮೀನು. ಉಳಿದ ಕಾಲು ಭಾಗಕ್ಕೆ ಅನ್ನ. ಈ ಅಳತೆ ಅವರಿಗೊಬ್ಬರಿಗೆ ಬೇಡ, ಮನೆಮಂದಿಗೆಲ್ಲ ಇರಲಿ. ತಂದೆಗೋ ತಾಯಿಗೋ ಶುಗರ್ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ನಿಮ್ಮ ಮಕ್ಕಳ ತಟ್ಟೆಗೂ ಇದೇ ಲೆಕ್ಕ ಒಳ್ಳೆಯದು. ಬೇರೆ ಪಥ್ಯದ ಅಡುಗೆ ಎಂದರೆ ಅದನ್ನು ಮಾಡಬೇಕಾದವರೂ ಅವರೇ. ಎರಡು ಅಡುಗೆ ಮಾಡುವ ಬದಲು ಒಂದನ್ನು ಬಿಟ್ಟುಬಿಡುತ್ತಾರೆ. ಬಿಡುವುದು ತನ್ನದನ್ನೇ.

ನಡಿಗೆಗೆ ಬೆಳಗಿನ ಐದೂವರೆ ಎಂದು ನೀವು ಹೇಳಿದ್ದಿರಬೇಕು. ಆ ಹೊತ್ತಿಗೆ ಅವರಿಗೆ ಹಾಲು ಕರೆಯುವುದಿರುತ್ತದೆ, ಒಲೆ ಇರುತ್ತದೆ. ರಾತ್ರಿ ಊಟವಾದ ಮೇಲೆ ಹದಿನೈದು ನಿಮಿಷ ನೀವಿಬ್ಬರೂ ರಸ್ತೆಯವರೆಗೆ ಹೋಗಿ ಬನ್ನಿ. ಉಂಡ ಕೂಡಲೇ ನಡೆದರೆ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಊಟದ ನಂತರದ ಏರು ತಗ್ಗುತ್ತದೆ. ಪಾತ್ರೆ ಬಂದ ಮೇಲೆ ತೊಳೆದರಾಯಿತು. ಯಾರು ತೊಳೆಯಬೇಕೆಂದು ನಾನು ಹೇಳಿಲ್ಲ.

ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ ಎಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ನಿಮ್ಮ ಕೈಯಾರೆ ಬರೆದಿಡಿ. ತಪಾಸಣೆಯ ದಿನವನ್ನು ನೀವೇ ಗೊತ್ತು ಮಾಡಿ, ಜೊತೆಗೆ ಹೋಗಿ. ರಕ್ತ ಮಾತ್ರ ಸಾಲದು. ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ, ಮೂತ್ರಪಿಂಡದ ಸ್ಥಿತಿ ಹೇಳುವ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್, ಪಾದ, ಇಷ್ಟನ್ನು ನೋಡಿಸಬೇಕು.

ಕುಚ್ಚಿಲಕ್ಕಿ ತಿಂದರೆ ಶುಗರ್ ಏರುವುದಿಲ್ಲ, ಸಕ್ಕರೆಯ ಬದಲು ಬೆಲ್ಲ ಆಗುತ್ತದೆ, ಹಲಸು ಒಳ್ಳೆಯದು ಎನ್ನುತ್ತಾರೆ. ನಿಜವೇ? — ಕುಂಬಳೆ

ಕುಚ್ಚಿಲಕ್ಕಿ ಬೆಳ್ತಿಗೆಗಿಂತ, ಎಂದರೆ ಭತ್ತ ಬೇಯಿಸದೆ ಮಾಡಿದ ಬಿಳಿ ಅಕ್ಕಿಗಿಂತ, ವಾಸಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಜೀವಸತ್ತ್ವ ಕಾಳಿನೊಳಗೆ ಇಳಿಯುತ್ತದೆ, ಸಕ್ಕರೆ ಏರುವುದು ಸ್ವಲ್ಪ ನಿಧಾನ. ಆದರೆ ಅಕ್ಕಿ ಅಕ್ಕಿಯೇ. ನಾಲ್ಕು ಸೌಟು ಗಂಜಿ ಉಂಡು ‘ಕುಚ್ಚಿಲು’ ಎಂದರೆ ಮೇದೋಜೀರಕ ಗ್ರಂಥಿ ರಿಯಾಯಿತಿ ಕೊಡುವುದಿಲ್ಲ. ಬೆಲ್ಲ, ಜೇನು ಎರಡೂ ಸಕ್ಕರೆಯ ಲೆಕ್ಕಕ್ಕೇ. ಹಲಸನ್ನು ಕೇರಳ ಸರ್ಕಾರ 2018ರಲ್ಲಿ ರಾಜ್ಯದ ಹಣ್ಣು ಎಂದು ಘೋಷಿಸಿದ್ದು ನಮ್ಮ ಅಂಗಳದ ಮರಕ್ಕೆ ಸಂದ ಗೌರವ, ಸಂತೋಷ. ಬೆಳೆದ ಕಾಯಿಯ ಪಲ್ಯವನ್ನು ಅನ್ನದ ಬದಲಿಗೆ ತಿನ್ನಿ, ಅನ್ನದ ಜೊತೆಗಲ್ಲ. ಹಣ್ಣಾದರೆ ಮೂರು ಸೊಳೆ. ಮೂರೇ ಸೊಳೆಗೆ ನಿಲ್ಲಿಸುವುದು ನನ್ನಿಂದಂತೂ ಆಗಿಲ್ಲ, ಅದು ಬೇರೆ ಮಾತು.

ಏಕಾದಶಿ ಉಪವಾಸ ಮಾಡಬಹುದೇ? ನನಗೆ 60, ಮಾತ್ರೆ ಇದೆ. — ಬಾಯಾರು

ಯಾವ ಮಾತ್ರೆ ಎಂಬುದರ ಮೇಲೆ ಹೋಗುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಹೆಸರಿನ ಕೊನೆಗೆ ‘ಗ್ಲಿಫ್ಲೋಜಿನ್’ ಎಂದಿರುವ ಮಾತ್ರೆಯವರು ಪೂರ್ತಿ ಉಪವಾಸ ಬಿದ್ದರೆ ರಕ್ತ ಆಮ್ಲೀಯವಾಗುವ ಅಪಾಯವಿದೆ. ಏಕಾದಶಿಗೆ ಎರಡು ದಿನ ಮೊದಲೇ ವೈದ್ಯರನ್ನು ಕೇಳಿ. ಹಾಗೆಯೇ, ನಿಮ್ಮ ಉಪವಾಸ ಯಾವ ಬಗೆಯದ್ದು ಎಂದೂ ಅವರಿಗೆ ಬಿಡಿಸಿ ಹೇಳಿ. ನಮ್ಮ ಕಡೆಯ ಫಲಾಹಾರದಲ್ಲಿ ಅವಲಕ್ಕಿ, ಸಜ್ಜಿಗೆ, ನಾಲ್ಕು ಬಾಳೆಹಣ್ಣು, ಒಂದು ಲೋಟ ಪಾನಕ ಇರುತ್ತದೆ. ಅದು ಉಪವಾಸವಲ್ಲ, ಊಟ ವೇಷ ಹಾಕಿ ರಂಗಸ್ಥಳಕ್ಕೆ ಬಂದದ್ದು.

ನನ್ನ ಮಗನಿಗೆ ಒಂಬತ್ತು ವರ್ಷ. ಎಂಟು ತಿಂಗಳ ಹಿಂದೆ ಒಂದನೆಯ ಬಗೆಯ ಸಕ್ಕರೆ ಕಾಯಿಲೆ ಎಂದರು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ನನ್ನ ಗಂಡ ಗಲ್ಫಿನಲ್ಲಿದ್ದಾರೆ, ನಾನು ಕೆಲಸಕ್ಕೆ ಹೋಗುತ್ತೇನೆ, ಮಗುವನ್ನು ನೋಡಿಕೊಳ್ಳುವುದು ಅತ್ತೆ. ಅವರು ‘ಚುಚ್ಚಿ ಚುಚ್ಚಿ ಅಭ್ಯಾಸವಾಗುತ್ತದೆ, ನಾರು ಬೇರಿನ ಮದ್ದು ಮಾಡೋಣ’ ಎನ್ನುತ್ತಾರೆ. ಶಾಲೆಯಲ್ಲಿ ಹೆದರುತ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಗಳು ಮಲೆಯಾಳದಲ್ಲಿವೆ, ಅತ್ತೆಗೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ. — ಒಬ್ಬ ತಾಯಿ, ಮುಳ್ಳೇರಿಯ

ಪತ್ರಗಳಲ್ಲಿ ನಾನು ಎರಡು ಸಲ ಓದಿದ್ದು ಇದೊಂದನ್ನೇ.

ಮೊದಲು ಅತ್ತೆಗೆ. ನಿಮ್ಮ ಮೊಮ್ಮಗ ಸಿಹಿ ತಿಂದದ್ದರಿಂದ ಇದು ಬಂದಿಲ್ಲ. ಬಸುರಿಯಾಗಿದ್ದಾಗ ಸೊಸೆ ಏನೋ ತಿಂದದ್ದರಿಂದಲೂ ಬಂದಿಲ್ಲ. ಮೈಯನ್ನು ಕಾಯುವ ಶಕ್ತಿಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದಿದೆ. ಬಾವಿಯ ಒರತೆ ಬತ್ತಿದರೆ ನೀರನ್ನು ಹೊರಗಿನಿಂದ ತರಲೇಬೇಕು. ಅದನ್ನು ಅಭ್ಯಾಸ ಎನ್ನುತ್ತಾರೆಯೇ? ಒಂದು ಕಾಲದಲ್ಲಿ ತರಲು ನೀರೇ ಇರಲಿಲ್ಲ. ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳು ಮುಂದೆ ದೂಡುತ್ತಿದ್ದರು, ಅಷ್ಟೇ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಮೂಳೆಚಕ್ಕಳವಾಗಿದ್ದ ಹುಡುಗ ಎದ್ದು ಕುಳಿತ, ಇನ್ನೂ 13 ವರ್ಷ ಬದುಕಿದ. ಇಂದಿನ ಮಕ್ಕಳು ಓದಿ, ಕೆಲಸ ಹಿಡಿದು, ಮದುವೆಯಾಗಿ ಮೊಮ್ಮಕ್ಕಳನ್ನು ಕಾಣುತ್ತಾರೆ. ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ವಾಂತಿ, ಏದುಸಿರು, ಹಣ್ಣು ಕೊಳೆತಂಥ ಉಸಿರಿನ ವಾಸನೆ, ಆಮೇಲೆ ಪ್ರಜ್ಞೆ ಹೋಗುವುದು. ನಾರು ಬೇರನ್ನು ನೆಚ್ಚಿ ಇನ್ಸುಲಿನ್ ಬಿಟ್ಟ ಮಗುವೊಂದನ್ನು ಈ ಸ್ಥಿತಿಯಲ್ಲಿ ಎತ್ತಿಕೊಂಡು ಬಂದದ್ದನ್ನು ನಾನು ನೋಡಿದ್ದೇನೆ. ಅದಕ್ಕಿಂತ ಹೆಚ್ಚು ಬರೆಯಲಾರೆ.

ಈಗ ತಾಯಿಗೆ. ಅತ್ತೆಗೆ ಬುದ್ಧಿ ಹೇಳಬೇಡಿ, ಕೆಲಸ ಕಲಿಸಿ. ಹೆದರಿಕೆ ಇರುವುದು ಕೈಯಲ್ಲಿ. ನನ್ನ ಬಳಿ ಬಂದಿದ್ದ ಅಡೂರು ಕಡೆಯ ಒಬ್ಬ ಅಜ್ಜಿ ಸೂಜಿ ಕಂಡರೆ ಮುಖ ತಿರುಗಿಸುತ್ತಿದ್ದರು. ಅವರ ಕೈಗೆ ಒಂದು ಗುಳ್ಳ ಬದನೆ, ಒಂದು ಸಿರಿಂಜು, ಒಂದು ಲೋಟ ನೀರು ಕೊಟ್ಟೆ. ಬದನೆಗೆ ಚುಚ್ಚಿ, ಹತ್ತು ಎಣಿಸಿ, ಸೂಜಿ ತೆಗೆಯಿರಿ ಎಂದೆ. ಮೊದಲ ಸಲ ಕಣ್ಣು ಮುಚ್ಚಿ ಚುಚ್ಚಿದರು. ಹನ್ನೆರಡನೆಯ ಬದನೆಯ ಹೊತ್ತಿಗೆ “ಇಷ್ಟೆಯೇ? ಮಲ್ಲಿಗೆ ಮಾಲೆ ಕಟ್ಟುವುದು ಇದಕ್ಕಿಂತ ಕಷ್ಟ” ಎಂದರು. ಮುಂದಿನ ತಿಂಗಳು ಬಂದಾಗ ಜಾಗ ಬದಲಿಸಿ ಚುಚ್ಚುವ ವಿಚಾರವನ್ನು ನನಗೇ ಹೇಳಿದರು: ಹೊಟ್ಟೆಯ ಬಲ, ಎಡ, ತೊಡೆಯ ಬಲ, ಎಡ. ಒಂದೇ ಜಾಗಕ್ಕೆ ಚುಚ್ಚುತ್ತಿದ್ದರೆ ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಮೈಗೆ ಸೇರುವುದಿಲ್ಲ.

ಸಿರಿಂಜಿನ ವಿಷಯದಲ್ಲಿ ಒಂದು ಎಚ್ಚರ. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಬಾಟಲಿ 100ರದ್ದು, ಸಿರಿಂಜು ಕೆಂಪು ಮುಚ್ಚಳದ್ದು ಎಂದಾದರೆ ಹತ್ತರ ಗೆರೆಗೆ ಎಳೆದಾಗ ಮಗುವಿನ ಮೈಗೆ ಹೋಗುವುದು 25 ಯೂನಿಟ್. ಉಲ್ಟಾ ಆದರೆ ನಾಲ್ಕೇ. ಅಂಗಡಿಯಲ್ಲಿ ‘ಅದಿಲ್ಲ, ಇದು ಒಯ್ಯಿರಿ’ ಎಂದು ಕೊಟ್ಟ ಸಿರಿಂಜಿನಿಂದ ಒಂದು ಮನೆ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕಳೆದದ್ದು ನನಗೆ ನೆನಪಿದೆ. ಅತ್ತೆಗೆ ಅಕ್ಷರ ಯಾವುದೇ ಇರಲಿ, ಬಣ್ಣ ಎಲ್ಲ ಭಾಷೆಯಲ್ಲೂ ಒಂದೇ. ಬಾಟಲಿಯ ಪಕ್ಕದಲ್ಲೇ ಸರಿಯಾದ ಮುಚ್ಚಳವೊಂದನ್ನು ದಾರದಲ್ಲಿ ಕಟ್ಟಿಡಿ.

ಮಲೆಯಾಳದ ಹಾಳೆಗಳನ್ನು ನೀವೇ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಎಲ್ಲವನ್ನೂ ಬರೆಯಬೇಡಿ. ನಡುಕ, ಬೆವರು, ಹಸಿವು, ಹಟ ಕಂಡರೆ ಬೆರಳು ಚುಚ್ಚಿ ನೋಡುವುದು, 70ಕ್ಕಿಂತ ಕಡಿಮೆಯಾದರೆ ಸಕ್ಕರೆ ನೀರು (ಈ ವಯಸ್ಸಿಗೆ ಸಾಮಾನ್ಯವಾಗಿ ಎರಡು ಚಮಚ ಸಕ್ಕರೆ, ನಿಮ್ಮ ಮಗನಿಗೆ ಎಷ್ಟೆಂದು ವೈದ್ಯರಿಂದ ಕೇಳಿ ಬರೆಯಿರಿ), ವಾಂತಿಯಾದರೆ ಯಾರಿಗೆ ಫೋನ್ ಮಾಡುವುದು, ಇಷ್ಟು ಸಾಕು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿರಲಿ, ಮಂಜುಗಟ್ಟುವ ಖಾನೆಯಲ್ಲಿ ಬೇಡ. ಬಳಸುತ್ತಿರುವುದು ತಂಪಾದ ಜಾಗದಲ್ಲಿ ಸುಮಾರು 28 ದಿನ ಇರುತ್ತದೆ. ಏಪ್ರಿಲಿನ ಸೆಕೆಯಲ್ಲಿ ಕರೆಂಟು ಹೋದರೆ ಹೆದರಬೇಡಿ. ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆಯಿಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗೆ ಬಾಟಲಿ ಇಡಿ.

ಶಾಲೆಗೆ ಪತ್ರ ಬರೆಯುವುದಕ್ಕಿಂತ ಅರ್ಧ ದಿನ ರಜೆ ಹಾಕಿ ಹೋಗಿ. ತರಗತಿಯ ಅಧ್ಯಾಪಕರಿಗೆ ಎಷ್ಟು ಹೇಳುತ್ತೀರೋ ಬೆಂಚಿನಲ್ಲಿ ಪಕ್ಕ ಕೂರುವ ಹುಡುಗನಿಗೂ ಅಷ್ಟು ಹೇಳಿ. ನಡುಕವನ್ನು ಮೊದಲು ಕಾಣುವವನು ಅವನು. ತರಗತಿಯ ನಡುವೆ ತಿನ್ನಲು, ಮೂತ್ರಕ್ಕೆ ಹೋಗಲು ಅನುಮತಿ ಬೇಕು. ಆಟದಿಂದ ಹೊರಗಿಡಬಾರದು, ಆಟಕ್ಕೆ ಮೊದಲು ಬೆರಳು ಚುಚ್ಚಿ ನೋಡಿ ಏನಾದರೂ ತಿಂದರಾಯಿತು. ಮಧ್ಯಾಹ್ನದ್ದನ್ನು ದೊಡ್ಡವರೊಬ್ಬರು ನೋಡುತ್ತಿದ್ದರೆ ಒಂಬತ್ತರ ಹುಡುಗ ತಾನೇ ಚುಚ್ಚಿಕೊಳ್ಳಬಲ್ಲ. ಎಷ್ಟು ಯೂನಿಟ್ ಎಂಬ ಲೆಕ್ಕ ಮಾತ್ರ ದೊಡ್ಡವರದ್ದಾಗಿರಲಿ.

ಕೇರಳ ಸಾಮಾಜಿಕ ಭದ್ರತಾ ಮಿಷನ್ನಿನ ‘ಮಿಠಾಯಿ’ ಎಂಬ ಯೋಜನೆ ಇಂಥ ಮಕ್ಕಳಿಗಾಗಿಯೇ ಇದೆ. ಸಕ್ಕರೆ ಕಾಯಿಲೆಗೆ ಮಿಠಾಯಿ ಎಂದು ಹೆಸರಿಟ್ಟವರ ಧೈರ್ಯ ಮೆಚ್ಚಬೇಕು. ಇನ್ಸುಲಿನ್, ಬೇಕಾದ ಉಪಕರಣ, ಮನೆಯವರಿಗೆ ತಿಳಿವಳಿಕೆ ಎಲ್ಲ ಅದರಲ್ಲಿದೆ. ನೀವು ಇನ್ನೂ ಸೇರಿಸಿಲ್ಲವಾದರೆ ಮಗುವನ್ನು ನೋಡುವ ವೈದ್ಯರಲ್ಲಿ ಅಥವಾ ಆಶಾ ಕಾರ್ಯಕರ್ತೆಯಲ್ಲಿ ನಾಳೆಯೇ ವಿಚಾರಿಸಿ.

ಗಲ್ಫಿನಲ್ಲಿರುವ ತಂದೆಗೂ ಒಂದು ಸಾಲು. ಫೋನ್ ಮಾಡಿದಾಗ ‘ಇವತ್ತು ಶುಗರ್ ಎಷ್ಟು?’ ಎಂಬುದು ಮೊದಲ ಪ್ರಶ್ನೆಯಾಗದಿರಲಿ. ಶಾಲೆಯಲ್ಲಿ ಏನಾಯಿತು, ಯಾರೊಡನೆ ಜಗಳ, ದನ ಕರು ಹಾಕಿತೇ ಎಂದೆಲ್ಲ ಕೇಳಿ. ಸಂಖ್ಯೆಯನ್ನು ತಾಯಿಯಿಂದ ಆಮೇಲೆ ಕೇಳಿದರಾಯಿತು. ಅಪ್ಪನ ಫೋನ್ ಬಂದೊಡನೆ ಯಂತ್ರವನ್ನು ಅಡಗಿಸುತ್ತಿದ್ದ ಮಕ್ಕಳನ್ನು ನಾನು ಬಲ್ಲೆ.

ಸಕ್ಕರೆ ನೋಡುವ ಯಂತ್ರ ಕೊಳ್ಳುವ ಶಕ್ತಿ ಇಲ್ಲ. ಅಮ್ಮನಿಗೆ 66. — ಪೈವಳಿಕೆ

60 ದಾಟಿದ, ಬಡತನ ರೇಖೆಗಿಂತ ಕೆಳಗಿನ ಕುಟುಂಬದ ಸಕ್ಕರೆ ಕಾಯಿಲೆಯವರಿಗೆ ಯಂತ್ರವನ್ನು ಉಚಿತವಾಗಿ ಕೊಡುವ ‘ವಯೋಮಧುರಂ’ ಯೋಜನೆ ಕೇರಳದ ಸಾಮಾಜಿಕ ನ್ಯಾಯ ಇಲಾಖೆಯದ್ದು. ಪಂಚಾಯತಿನಲ್ಲಿ ಕೇಳಿ.

ಅಪ್ಪನಿಗೆ 70, ಶುಗರ್ ಬಂದು 15 ವರ್ಷ. ಬದಿಯಡ್ಕದಲ್ಲಿ ಅಡಿಕೆ ತೋಟ. ಬರಿಗಾಲಿನಲ್ಲೇ ತಿರುಗುತ್ತಾರೆ. ಚಪ್ಪಲಿ ಹಾಕಿ ಎಂದರೆ ‘ನನ್ನ ಕಾಲಿಗೆ ಮುಳ್ಳು ಚುಚ್ಚಿದರೂ ನೋವಾಗುವುದಿಲ್ಲ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ನಾನು ಬೆಂಗಳೂರಿನಲ್ಲಿದ್ದೇನೆ. ಏನು ಮಾಡಲಿ? — ಒಬ್ಬ ಮಗ

ಆ ಹೆಮ್ಮೆಯೇ ನನಗೆ ದಿಗಿಲು. ಮುಳ್ಳು ಚುಚ್ಚಿದರೆ ನೋಯಬೇಕು. ಹದಿನೈದು ವರ್ಷದ ಸಕ್ಕರೆ ಪಾದದ ನರಗಳನ್ನು ತಿಂದಿದ್ದರೆ ನೋವು ಬರುವುದಿಲ್ಲ, ಗಾಯ ಮಾತ್ರ ಬರುತ್ತದೆ. ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದದ್ದೇ ಗೊತ್ತಾಗದೆ ಬಸ್ ಹತ್ತಿದವರನ್ನು ನಾನು ಕಂಡಿದ್ದೇನೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ಆಸ್ಪತ್ರೆಯವರು ಕಂಡುಕೊಂಡ ಕ್ರಮ ಇದು, ಉಪಕರಣ ಏನೂ ಬೇಡ, ಒಂದು ತೋರುಬೆರಳು ಸಾಕು. ಅಪ್ಪ ಕಣ್ಣು ಮುಚ್ಚಿ ಕಾಲು ಚಾಚಿ ಮಲಗಲಿ. ಪ್ರತಿ ಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಬೆರಳುಗಳ ತುದಿಯನ್ನು ಒಂದೊಂದಾಗಿ ಒಂದೆರಡು ಸೆಕೆಂಡು ಮುಟ್ಟಬೇಕು. ಗರಿ ತಾಗಿದಂತೆ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಮುಟ್ಟಿದ್ದು ಗೊತ್ತಾದಾಗ ಅವರು ‘ಬಲ’, ‘ಎಡ’ ಎನ್ನಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ನರದ ತೊಂದರೆ ಇದೆ ಎಂದೇ ತಿಳಿದು ವೈದ್ಯರಿಗೆ ಪಾದ ತೋರಿಸಿ.

ನೀವು ಮಾಡಲು ಹೋದರೆ ಒಪ್ಪುವುದಿಲ್ಲ. ಹಬ್ಬಕ್ಕೆ ಬರುವಾಗ ಮಗಳನ್ನೋ ಮಗನನ್ನೋ ಕರೆತರುತ್ತೀರಲ್ಲ, ಅವರಿಗೆ ಬಿಡಿ. ಮೊಮ್ಮಕ್ಕಳು ಕಾಲು ಹಿಡಿದರೆ ಯಾವ ಅಜ್ಜನೂ ಕಾಲು ಎಳೆದುಕೊಳ್ಳುವುದಿಲ್ಲ.

ಅಮ್ಮನಿಗೆ ದಿನದ ಕೆಲಸ ಒಂದಿದೆ. ರಾತ್ರಿ ಟಾರ್ಚು ಹಾಕಿ ಅಪ್ಪನ ಅಂಗಾಲು, ಬೆರಳ ಸಂದು ನೋಡುವುದು: ಗೀರು, ಗುಳ್ಳೆ, ಕೆಂಪು, ಒದ್ದೆ. ತೋಟಕ್ಕೆ ನೀರು ಬಿಡುವ ಕಾಲದಲ್ಲಿ ಬೆರಳ ಸಂದು ಕೊಳೆಯುವುದು ಹೆಚ್ಚು, ಒರೆಸಿ ಒಣಗಿಸಬೇಕು. ಬಚ್ಚಲಿನ ಹಂಡೆಯ ನೀರಿನ ಬಿಸಿಯನ್ನು ಅವರ ಕಾಲು ಹೇಳುವುದಿಲ್ಲ, ಅಮ್ಮ ಮೊಣಕೈ ಅದ್ದಿ ಹೇಳಲಿ. ಆಣಿಯನ್ನು ಅಡಿಕೆ ಸುಲಿಯುವ ಕತ್ತಿಯಿಂದ ಕೆತ್ತುವ ಅಭ್ಯಾಸ ನಮ್ಮ ಊರಿನ ಗಂಡಸರಿಗೆ ಇದೆ, ಕತ್ತಿಯನ್ನು ಅಡಗಿಸಿಡಿ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ದೇವಸ್ಥಾನದ ಹಾಸುಗಲ್ಲಿನ ಪ್ರದಕ್ಷಿಣೆ ಬೇಡ, ಬೆಳಿಗ್ಗೆ ಹೋದರೂ ದೇವರು ಇರುತ್ತಾನೆ. ತೋಟಕ್ಕೆ ಹಿಂದೆ ಪಟ್ಟಿ ಇರುವ, ಮುಂದೆ ಮುಚ್ಚಿದ ಮೆದು ಪಾದರಕ್ಷೆ ತನ್ನಿ. ಸಂಜೆ ಹೊತ್ತು ಅಳತೆ ನೋಡಿ ಕೊಳ್ಳಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಅಡಿಕೆ ಚೂರು ಇದೆಯೇ ಎಂದು ತಡವಿ ನೋಡಬೇಕು. ಚೇಳೂ ಇದ್ದೀತು, ಮೊದಲು ಕೊಡವಿ.

ಪರೀಕ್ಷೆ ಮಾಡಿದ ಮೇಲೆ ನನಗೊಂದು ಕಾರ್ಡು ಬರೆಯಿರಿ. ಎಷ್ಟು ಬೆರಳು ತಪ್ಪಿತು, ಯಾವ ಕಾಲಿನ ಯಾವ ಬೆರಳು ಎಂದು ಮೊಮ್ಮಗುವಿನ ಕೈಯಲ್ಲೇ ಬರೆಸಿ.